ನಾನೇ ಗಟ್ಟಿಯಾಗಿ ಹೇಳಿದ ಆಮೆನ್

ಫೆಬ್ರವರಿ 2, ಮಧ್ಯಾಹ್ನ

ಕಲ್ಲಿದ್ದಲು ಗಾಡಿ, 58 ಡಬ್ಬ. ಬೆಳಿಗ್ಗೆ ನಾಲ್ಕಕ್ಕೆ ಎಂಜಿನ್ ಹತ್ತಿದ್ದು. ಖಮ್ಮಂ ಈಚೆ ಪಕ್ಕದ ಹಳಿಗೆ ಹಾಕಿ ಮೂರು ಗಂಟೆ ನಮ್ಮನ್ನು ಮರೆತೇಬಿಟ್ಟರು. ಎಂಜಿನ್ನಿನಲ್ಲಿ ಕಕ್ಕಸಿಲ್ಲ, ಬಿಟ್ಟು ಇಳಿಯುವಂತೆಯೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿರುವುದನ್ನೇ ಮಾಡಿದೆ — ನೀರು ಕುಡಿಯಲಿಲ್ಲ, ಬಂದದ್ದನ್ನು ಬಿಗಿಹಿಡಿದು ಕೂತೆ. ಇಳಿದ ಮೇಲೆ ಹೋದರೆ ನಾಲ್ಕೇ ಹನಿ. ಬೆಂಕಿಯಂಥ ಉರಿ. ಕೂತರೆ ಕೆಳಗೆ, ಒಳಗೆಲ್ಲೋ ಚುಚ್ಚುತ್ತದೆ.

ಫೆಬ್ರವರಿ 4

ಇಲಾಖೆಯ ಆಸ್ಪತ್ರೆಗೆ ಹೋದರೆ ದಾಖಲೆಗೆ ಬೀಳುತ್ತದೆ. ಫಿಟ್ ಅಂತ ಬರೆದುಕೊಡುವವರೆಗೆ ಗಾಡಿ ಇಲ್ಲ. ಡ್ರೈವರುಗಳು ಯಾರೂ ಮೊದಲು ಅಲ್ಲಿಗೆ ಹೋಗುವುದಿಲ್ಲ.

ಬಾಮೈದ ಬರ್ನಬಾಸನ ಮೆಡಿಕಲ್ ಷಾಪಿಗೆ ಹೋದೆ. ಗಿರಾಕಿಗಳೆಲ್ಲ ಹೋಗುವವರೆಗೆ ಕಾದು ಹೇಳಿದೆ. ನಿನ್ನ ಅಕ್ಕನಿಗೆ ಹೇಳಬೇಡ ಮಾರಾಯ ಅಂದೆ. ನಲವತ್ತೆಂಟು ವರ್ಷದವನಿಗೆ ಹೆಂಡತಿಯ ಹತ್ತಿರ ಇದೆಂಥ ನಾಚಿಕೆಯೋ... ಅವನು ಓರೆಗಣ್ಣಲ್ಲಿ ನೋಡಿ ನಕ್ಕ. ಊರೂರು ತಿರುಗೋ ಗಂಡಸರಿಗೆ ಇದೆಲ್ಲ ಇದ್ದದ್ದೇ ಬಿಡಿ ಭಾವ ಅಂದ. ಐದು ದಿನದ ಮಾತ್ರೆ ಕೊಟ್ಟ.

ಫೆಬ್ರವರಿ 10

ಉರಿ ಪೂರ್ತಿ ಹೋಯಿತು. ಬರ್ನಬಾಸು ದೇವರಂಥವನು.

ಫೆಬ್ರವರಿ 27

ಮತ್ತೆ ಶುರು. ಸೊಂಟದಿಂದ ಕೆಳಗೆಲ್ಲ ಸೆಳೆತ. ಮತ್ತೆ ಐದು ದಿನದ ಮಾತ್ರೆ.

ಹೆಂಡತಿ ಎಸ್ತೇರು ಹಾಸಿಗೆಯನ್ನು ನಡುಮನೆಗೆ ಹಾಕಿಕೊಂಡಿದ್ದಾಳೆ. ಉಪವಾಸದ ದಿನಗಳು, ಈಸ್ಟರ್ ಮುಗಿಯುವವರೆಗೆ ಹೀಗೇ ಅಂದಳು. ನನ್ನ ಟವೆಲ್ಲಿಗೆ ಬೇರೆ ಬಕೆಟ್ಟು. ಈ ವರ್ಷ ಭಕ್ತಿ ಜೋರಾಗಿದೆ. ನನಗೂ ಅನುಕೂಲವೇ — ಹತ್ತು ಸಲ ಎದ್ದುಹೋಗುವುದು ಅವಳಿಗೆ ಗೊತ್ತಾಗುವುದಿಲ್ಲ.

ಮಾರ್ಚ್ 16, ಗುರುವಾರ ಸಂಜೆ

ಮನೆಮನೆ ಪ್ರಾರ್ಥನೆ. ಈ ವಾರ ಗಾರ್ಡ್ ಯೋನಾ ಮನೆಯಲ್ಲಿ. ಅವರವರ ಕಷ್ಟ ಚೀಟಿಯಲ್ಲಿ ಬರೆದು ಮೊದಲೇ ಕೊಟ್ಟಿರುತ್ತಾರೆ. ನಾವೆಲ್ಲ ಅಮ್ಮನವರು ಅನ್ನುವ ಪಾಸ್ಟರ ಹೆಂಡತಿ ಹೆಸರು ಹೇಳದೆ ಒಂದೊಂದನ್ನೇ ದೇವರ ಮುಂದೆ ಇಡುತ್ತಾರೆ. ಮಂಡಿನೋವು ಆಯಿತು, ಮಗಳ ಮದುವೆ ಆಯಿತು. ಆಮೇಲೆ ದನಿ ತಗ್ಗಿಸಿ —

"ಪರವೂರಲ್ಲಿ ಮಲಗೋ ಗಂಡಸೊಬ್ಬ ದಾರಿ ತಪ್ಪಿ ರೋಗ ತಂದ್ಕೊಂಡಿದ್ದಾನೆ ತಂದೆ. ಅವನ ರಕ್ತ ಶುದ್ಧ ಮಾಡು. ಪಾಪ, ಆ ಹೆಂಗಸಿಗೆ ಅದು ತಗಲದ ಹಾಗೆ ನೋಡ್ಕೋ."

ಯೋನಾನೇ ಇರಬೇಕು. ಅವನೂ ಗಾಡಿ ಮೇಲೆ ಹೋಗಿ ಪರವೂರಲ್ಲಿ ಮಲಗುವವನೇ. ಅಯ್ಯೋ ಅನ್ನಿಸಿ ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದೆ.

ವಾಪಸು ಬರುವಾಗ ಯೋನಾ ಕಥೆ ಏನಂತೆ ಅಂತ ಎಸ್ತೇರನ್ನು ನಗುತ್ತಾ ಕೇಳಿದೆ. ನಡೆಯುತ್ತಿದ್ದವಳು ನಿಂತಳು.

"ಆ ಚೀಟಿ ಬರ್ದಿದ್ದು ನಾನು," ಅಂದಳು. ಮನೆಗೆ ಬಂದು ಕದ ಹಾಕಿಕೊಂಡಳು.

ಮಾರ್ಚ್ 17

ಬರ್ನಬಾಸನ ಅಂಗಡಿ. ಕೊರಳಪಟ್ಟಿ ಹಿಡಿಯಬೇಕೆಂದೇ ಹೋದದ್ದು. ಅವನು ಬಿಲ್ಲು ಬರೆಯುವುದನ್ನೂ ನಿಲ್ಲಿಸಲಿಲ್ಲ.

"ಅಕ್ಕ ನನ್ನ ಒಡಹುಟ್ಟಿದೋಳು ಭಾವ. ನಿಮ್ಗೆ ಮಾತ್ರೆ ಕೊಟ್ಟೆ, ಅವಳಿಗೆ ಹುಷಾರು ಅಂತ ಹೇಳ್ದೆ. ತಪ್ಪೇನು?"

ಯಾವಾಗ ಹೇಳಿದೆ ಅಂದರೆ, ಮೊದಲ ದಿನವೇ ಅಂತೆ. ಅಂದರೆ ನಾನು ಅಂಗಡಿಯ ಮೆಟ್ಟಿಲಿಳಿಯುವುದನ್ನೇ ಕಾಯುತ್ತಿದ್ದ. ಇವನನ್ನು ದೇವರಂಥವನು ಅಂತ ಈ ಪುಸ್ತಕದಲ್ಲೇ ಬರೆದೆನಲ್ಲ.

ಮಾರ್ಚ್ 29, ವರಂಗಲ್ ಆಸ್ಪತ್ರೆ

ಹತ್ತೊಂಬತ್ತನೇ ತಾರೀಕು ಡ್ಯೂಟಿಗೆ ಸಹಿ ಹಾಕುವಾಗಲೇ ಗಡಗಡ ಚಳಿ. 104 ಜ್ವರ. ಮೂತ್ರ ಪೂರ್ತಿ ಕಟ್ಟಿತ್ತು. ನಾಲ್ಕು ದಿನ ಟ್ಯೂಬು. ಇವತ್ತು ಪೆನ್ನು ಹಿಡಿಯಲು ಆಯಿತು.

ಡಾಕ್ಟರು ಸಣ್ಣ ವಯಸ್ಸಿನವರು, ಮುಚ್ಚುಮರೆ ಇಲ್ಲ. ಮೂತ್ರಕೋಶದ ಬುಡದಲ್ಲಿ ಪ್ರಾಸ್ಟೇಟ್ ಅಂತ ಗ್ರಂಥಿ ಇದೆಯಂತೆ, ಅದಕ್ಕೆ ಸೋಂಕು. ಮೂತ್ರದಲ್ಲಿ ಸಿಕ್ಕಿದ್ದು ನಮ್ಮದೇ ಕರುಳಿನ ಬ್ಯಾಕ್ಟೀರಿಯಾ. ಆ ಗ್ರಂಥಿಯೊಳಕ್ಕೆ ಔಷಧಿ ಇಳಿಯುವುದೇ ನಿಧಾನ. ಐದು ದಿನ ನುಂಗಿ ಬಿಟ್ಟರೆ ಮೇಲೆ ಆರಿದ ಹಾಗೆ ಕಾಣುತ್ತದೆ, ಒಳಗೆ ಹಾಗೇ ಉಳಿಯುತ್ತದೆ. ಆರು ವಾರ, ಒಂದು ದಿನವೂ ತಪ್ಪದೆ ಅಂದರು. ನೀರು ಕುಡಿಯಬೇಕು. ತಡೆಹಿಡಿಯಕೂಡದು. ಬಿಸಿನೀರಿನ ಟಬ್ಬಿನಲ್ಲಿ ಕೂರಬೇಕು.

ತಡೆದು ತಡೆದು ಕೇಳಿದೆ, ಹೆಂಡತಿಗೆ ತಗಲುತ್ತದಾ ಅಂತ.

"ಇದು ಅಂಥದ್ದಲ್ಲ. ಅವರನ್ನೂ ಕರ್ಕೊಂಡು ಬನ್ನಿ, ನಾನೇ ಹೇಳ್ತೀನಿ."

ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಎಸ್ತೇರು ದಿನಾ ಗಂಜಿ ತರುತ್ತಾಳೆ. ಕೂರುವುದು ಬಾಗಿಲ ಹತ್ತಿರ.

ಏಪ್ರಿಲ್ 3

ಡಿಸ್ಚಾರ್ಜ್. ಡಾಕ್ಟರು ಅವಳನ್ನು ಕೂರಿಸಿ ಎಲ್ಲ ಹೇಳಿದರು. ತಲೆ ತಗ್ಗಿಸಿ ಕೇಳಿದಳು. ಬಸ್ಸಿನಲ್ಲಿ ಕಿಟಕಿ ಕಡೆ ನೋಡುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು. ಮನೆಗೆ ಬಂದವಳೇ ನೀರು ಕಾಯಿಸಿ ಟಬ್ಬಿಗೆ ಹಾಕಿಟ್ಟಳು. ಮುಗಿಯಿತು ಅಂದುಕೊಂಡೆ.

ಏಪ್ರಿಲ್ 9, ಈಸ್ಟರ್

ಚರ್ಚಿನಲ್ಲಿ ಯಾರೂ ಪಕ್ಕ ಕೂರಲಿಲ್ಲ. ಯೋನಾ ಕೂಡ. ಚೀಟಿಗೆ ಹೆಸರಿಲ್ಲದಿದ್ದರೇನು, ಊರಿಗೆಲ್ಲ ಗೊತ್ತು. ರೋಗ ಅದಲ್ಲ ಅಂತ ಯಾವ ಚೀಟಿಯಲ್ಲಿ ಬರೆದು ಕೊಡಲಿ?

ಎಸ್ತೇರು ಹಾಸಿಗೆ ಒಳಗೆ ತಂದಳು. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಏಪ್ರಿಲ್ 13, ಬೆಳಿಗ್ಗೆ

ಸಿಕ್ ರಜೆಯ ಅರ್ಜಿಗೆ ಆಧಾರ್ ಬೇಕಿತ್ತು. ಬೀರುವಿನಲ್ಲಿ ಹುಡುಕುವಾಗ ಲ್ಯಾಬಿನ ರಸೀದಿ ಒಂದು ಸಿಕ್ಕಿತು. ನನ್ನದೆಂದುಕೊಂಡೆ. ಹೆಸರು ಎಸ್ತೇರು. ರಕ್ತಪರೀಕ್ಷೆ — ಆ ಗುಪ್ತರೋಗಗಳದ್ದೇ. ಫೆಬ್ರವರಿ 7, ಖಮ್ಮಂ. ತಂಗಿಯ ಮನೆಗೆ ಹೋಗಿಬರುತ್ತೇನೆ ಅಂದ ದಿನ. ಬಸ್ ಸ್ಟಾಂಡಿಗೆ ಬಿಟ್ಟು ಬಂದವನು ನಾನೇ. ಕಿಟಕಿಯಿಂದ ಕೈ ಬೀಸಿದ್ದಳು.

ತಮ್ಮ ಹೇಳಿ ಮೂರೇ ದಿನಕ್ಕೆ.

ಸಂಜೆ, ಐದು

ರಸೀದಿ ಅವಳ ಮುಂದೆ ಇಟ್ಟೆ. ಸೊಪ್ಪು ಬಿಡಿಸುತ್ತಿದ್ದಳು. ನನಗೆ ಸಿಟ್ಟಿಗಿಂತ ಅವಮಾನ. ಇಪ್ಪತ್ತೊಂದು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು. ನೀನು ಚೀಟಿ ಬರೆದೆ, ರಕ್ತ ಕೊಟ್ಟೆ, ಊರಿಗೆಲ್ಲ ಹೇಳಿದೆ, ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಅಂದೆ.

"ನೀವು ನನ್ ತಮ್ಮನಿಗೆ ಹೇಳಿದ್ರಿ, ನನಗೆ ಹೇಳ್ಲಿಲ್ಲ," ಅಂದಳು. ಸೊಪ್ಪನ್ನು ಪಕ್ಕಕ್ಕೆ ಸರಿಸಿ, "ಕೇಳಿದ್ರೆ ಹೌದು ಅಂದ್ಬಿಡ್ತೀರೇನೋ ಅಂತ ಹೆದರಿಕೆ ಆಯ್ತು ರೀ. ಅಂದಿದ್ರೆ ನಾನು ಎಲ್ಲಿಗೆ ಹೋಗ್ಲಿ?"

ಅವಳ ಕೈ ಹಿಡಿಯಬೇಕು ಅನ್ನಿಸಿತು, ಆದರೆ ಹಿಡಿಯಲಿಲ್ಲ; ಎದುರು ಕೂತು ಉಳಿದ ಸೊಪ್ಪು ಬಿಡಿಸತೊಡಗಿದೆ.