ಬಾವಿ ಮುಚ್ಚಿ ಹಡಗು ಕಟ್ಟುವವರಿಗೆ

ನನ್ನ ತಮ್ಮನಿಗೆ ಸ್ಮಾರಕ ಕಟ್ಟಲು ಹೊರಟಿರುವ ಮಾನ್ಯ ಅಧಿಕಾರಿಗಳೇ,

ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಮೆಟ್ಟಿಲುಬಾವಿಯನ್ನು ಬರುವ ಸೋಮವಾರ ಮಣ್ಣು ಹಾಕಿ ಮುಚ್ಚುತ್ತೀರಂತೆ. ಅದರ ಮೇಲೆ ನನ್ನ ತಮ್ಮ, ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ತುಳಜಾರಾಮನ ನೆನಪಿಗೆ ಸಿಮೆಂಟಿನ ಹಡಗು ನಿಲ್ಲಿಸುತ್ತೀರಂತೆ. ಹಡಗಿನ ಮುಂದೆ ಕಾರಂಜಿ ಬೇರೆ. ನೀರನ್ನು ಹೂತು ಅದರ ಮೇಲೆ ಹಡಗು ನಿಲ್ಲಿಸುವ ಉಪಾಯ ಈವರೆಗೆ ಯಾವ ಅಡ್ಮಿರಲ್‌ಗೂ ಹೊಳೆದಿರಲಾರದು. ಕಾರಂಜಿಗೆ ನೀರು ಎಲ್ಲಿಂದ ತರುತ್ತೀರಿ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ.

ಸಮುದ್ರವನ್ನೇ ಕಾಣದ ಈ ಸೀಮೆಯ ಹುಡುಗ ಅಷ್ಟು ದೊಡ್ಡ ಈಜುಗಾರ ಹೇಗಾದ ಎಂದು ನೀವು ಮೊನ್ನೆಯ ಭಾಷಣದಲ್ಲಿ ಬೆರಗಾದಿರಿ. ಸಭೆಯ ಮುಂದಿನ ಸಾಲಿನಲ್ಲೇ ಕೂತಿದ್ದೆ, ಕೇಳಿದ್ದರೆ ಹೇಳುತ್ತಿದ್ದೆ. ಅವನು ಈಜು ಕಲಿತದ್ದು ನೀವು ಮುಚ್ಚಲು ಹೊರಟಿರುವ ಬಾವಿಯಲ್ಲಿ. ಕಲಿಸಿದವರು ಗಯಾಸುದ್ದೀನ್ ಚಾಚಾ. ಹುಡುಗರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳುತ್ತಿದ್ದರು. ಹೆಣ್ಣುಮಕ್ಕಳು ಇಳಿಯುವಂತಿರಲಿಲ್ಲ. ನಾನು ತಮ್ಮನ ಅಂಗಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಆ ಬಾವಿಗೊಂದು ಕಟ್ಟಳೆಯಿತ್ತು. ಚಾಚಾ ಅದನ್ನು ದಿನವೂ ಕೂಗಿ ಹೇಳುತ್ತಿದ್ದರು: “ಬುರುಡಿ ಕಟ್ಟಿದಾಂವ ಮೊದಲ ಮ್ಯಾಲ ಬರಬಾರ್ದು. ಕಟ್ಟಿಸ್ಕೊಂಡಾಂವ ಮೆಟ್ಲ ಹತ್ತೋತನಕ ನೀರಾಗೇ ಇರಬೇಕು!”

ಎಪ್ಪತ್ತೊಂದರ ಯುದ್ಧದಲ್ಲಿ ತಮ್ಮನಿದ್ದ ನೌಕೆಗೆ ಪೆಟ್ಟು ಬಿದ್ದು ಅದು ಮುಳುಗತೊಡಗಿತು. ಹೊಸದಾಗಿ ಸೇರಿದ್ದ ನಾವಿಕರು ಹೆದರಿ ನಿಂತಿದ್ದರು. ಅವರಿಗೆಲ್ಲ ತಾನೇ ಲೈಫ್ ಜಾಕೆಟ್ ಕಟ್ಟಿ ನೀರಿಗಿಳಿಸಿದ, ತಾನೂ ಇಳಿದ. ನೀರಿನ ಮೇಲೆ ಎಣ್ಣೆ ಉರಿಯುತ್ತಿತ್ತು. ಸುಟ್ಟ ಕೈಗಳಲ್ಲೇ ಒಬ್ಬೊಬ್ಬರನ್ನೂ ದೂಡಿಕೊಂಡು ಹೋಗಿ ದೋಣಿ ಹತ್ತಿಸಿ, ಎಲ್ಲರ ಕೊನೆಗೆ ತಾನು ಹತ್ತಿದ. ಸರ್ಕಾರ ಪದಕ ಕೊಟ್ಟಿತು, ಪತ್ರಿಕೆಗಳು ಅಪ್ರತಿಮ ಶೌರ್ಯ ಎಂದು ಬರೆದವು. ಊರಿಗೆ ಬಂದವನ ಕೈಗಳನ್ನು ನೋಡಿ ನಾನು ಅತ್ತರೆ ಅವನು ನಕ್ಕ. “ಅಕ್ಕಾ, ಶೌರ್ಯ ಗೀರ್ಯ ಏನಿಲ್ಲ. ಜಾಕೀಟ್ ಕಟ್ಟಿದಾಂವ ನಾನು. ಮೊದಲ ಹ್ಯಾಂಗ ಮ್ಯಾಲ ಬರ್ಲಿ? ಚಾಚಾ ಬಿಡ್ತಿದ್ನೇನು?”

ಮಾನ್ಯರೇ, ನಿಮ್ಮ ಸ್ಮಾರಕದ ಕಲ್ಲಿನಲ್ಲಿ ಈ ಮಾತಿಗೆ ಜಾಗವಿದೆಯೇ? ಅಥವಾ ಉದ್ಘಾಟಿಸುವವರ ಹೆಸರುಗಳಿಗೇ ಕಲ್ಲು ಸಾಲದಾಗಿದೆಯೇ?

ನಿವೃತ್ತನಾಗಿ ಬಂದ ವರ್ಷ ನೆರೆಮನೆಯ ಕಮಳಾಬಾಯಿಯ ಹಿರಿಯ ಮಗಳು ಹೊಲದ ಬಾವಿಯಲ್ಲಿ ನೀರು ಸೇದುವಾಗ ಕಾಲು ಜಾರಿ ಬಿದ್ದು ಸತ್ತಳು. ಈಜು ಬಂದಿದ್ದರೆ ಬದುಕುತ್ತಿದ್ದಳು. ಅಂದಿನಿಂದ ನನ್ನ ತಮ್ಮ ಇದೇ ಮೆಟ್ಟಿಲುಬಾವಿಯಲ್ಲಿ ನಮ್ಮೂರಿನ ಹುಡುಗಿಯರಿಗೆ ಈಜು ಕಲಿಸಲು ನಿಂತ. ಮನೆಯವರು ಕಳಿಸಲು ಹಿಂಜರಿದಾಗ ತಲೆ ನರೆತ ನಾನೇ ಸೀರೆಗೆ ಕಚ್ಚೆ ಹಾಕಿ ಮೊದಲು ಇಳಿದೆ. ಬೇಕಾದಷ್ಟು ನೀರು ಕುಡಿದೆ, ಬೇಕಾದಷ್ಟು ನಗೆಪಾಟಲಾದೆ, ಕಲಿತೆ. ಅವನು ಕಾಯಿಲೆಯಿಂದ ತೀರಿಕೊಂಡ ಮೇಲೆ ಬುರುಡೆ ಕಟ್ಟುವ ಕೆಲಸ ನನ್ನದಾಗಿದೆ.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಕುರ್ಚಿಗೆ ಒರಗಿಕೊಂಡೇ ಹೇಳಿದಿರಿ: “ಬಾಯಾರ, ನಿಮ್ಮ ತಮ್ಮನ ಹೆಸರ ಉಳೀಲಿ ಅಂತ ನಾವು ಮಾಡಾಕತ್ತೀವಿ. ನಾಳೆ ಬಾವ್ಯಾಗ ಯಾರರೆ ಸತ್ರ ಜಿಮ್ಮೇದಾರ್ ಯಾರ್ರಿ?”

“ಈಜು ಕಲೀಲಾರದ ಸತ್ತವ್ರಿಗೆ ಯಾರ್ರಿ ಜಿಮ್ಮೇದಾರ್?” ಎಂದೆ.

ಆಗ ನಿಜವಾದ ಮಾತು ಹೊರಬಿತ್ತು. “ಹೆಣ್ಣುಮಕ್ಕಳು ಬಾವ್ಯಾಗ ಜಿಗಿಯೋದು ಛೊಲೊ ಕಾಣಂಗಿಲ್ಲ ಅಂತ ಊರ ಹಿರೇರು ಅನ್ನಾಕತ್ತಾರ್ರಿ.”

ಹೆಣ್ಣುಮಕ್ಕಳು ಹೆಣವಾಗಿ ತೇಲಿದರೆ ಚೆನ್ನಾಗಿ ಕಾಣುತ್ತದೆಯೇ ಸ್ವಾಮಿ? ಆ ಹಿರಿಯರ ಮಾತು ನಡೆಸಬೇಕಿದ್ದರೆ ನೇರವಾಗಿ ನಡೆಸಿ. ಅದಕ್ಕೆ ನನ್ನ ತಮ್ಮನ ಹೆಸರೇಕೆ? ಬದುಕಿದ್ದಾಗ ಅವನು ಯಾರನ್ನೂ ಮುಳುಗಲು ಬಿಡಲಿಲ್ಲ. ಅವನ ಹೆಸರಿನಲ್ಲಿ ಈ ಕೆಲಸ ಮಾಡುವುದು ನನಗೆ ಸಹಿಸಲಾಗದಷ್ಟು ನೋವಿನ ಸಂಗತಿ. ನಿಮ್ಮ ಮೇಲೆ ನನಗಿರುವ ಸಿಟ್ಟನ್ನು ಈ ಪತ್ರ ಪ್ರಕಟಿಸುವ ಪತ್ರಿಕೆಯವರು ಅಚ್ಚು ಹಾಕಲಾರರೆಂದು ಇಲ್ಲಿ ಬರೆದಿಲ್ಲ.

ನನ್ನ ಬೇಡಿಕೆ ಇಷ್ಟೇ. ಹಡಗನ್ನು ನಿಮ್ಮ ಕಚೇರಿಯ ಅಂಗಳದಲ್ಲಿ ಕಟ್ಟಿಕೊಳ್ಳಿ, ಬಾವಿಯನ್ನು ಮುಟ್ಟಬೇಡಿ. ಮುಟ್ಟಿಯೇ ತೀರುತ್ತೀರಾದರೆ ಸೋಮವಾರ ಮಣ್ಣಿನ ಟ್ರ್ಯಾಕ್ಟರುಗಳ ಜೊತೆ ನೀವೂ ಬನ್ನಿ. ನಾನು ಬಾವಿಯಲ್ಲಿರುತ್ತೇನೆ. ಕಮಳಾಬಾಯಿಯ ಕಿರಿಯ ಮಗಳು ಈಗಷ್ಟೇ ಕಲಿಯಲು ಶುರು ಮಾಡಿದ್ದಾಳೆ. ಅವಳ ಹಿಂದೆ ಇನ್ನೂ ಎಷ್ಟೋ ಹುಡುಗಿಯರು ಕಾಯುತ್ತಿದ್ದಾರೆ. ಅವರೆಲ್ಲ ಕಲಿತು ಮೆಟ್ಟಿಲು ಹತ್ತುವವರೆಗೆ ನಾನು ಮೇಲೆ ಬರುವಂತಿಲ್ಲ. ಬುರುಡೆ ಕಟ್ಟಿದವಳು ನಾನು.

ಇಂತಿ,
ನಿಮ್ಮ ಮಣ್ಣಿನ ದಾರಿ ಕಾಯುತ್ತ ನೀರಿನಲ್ಲಿರುವ
ಗಯಾಬಾಯಿ