ಅಳಿಯನ ಫೋಟೊದಲ್ಲಿ ಅಬ್ಬಾನ ಗದ್ದೆ

ಕುಪ್ಪೇಲೂರು, ತಾ. ರಾಣೆಬೆನ್ನೂರು
೨೮ ಮಾರ್ಚ್ ೧೯೯೬

ಮುನ್ನಿಯ ಅಬ್ಬಾ ಅವರಿಗೆ,

ನಿಮ್ಮ ಜೈತೂನಳ ಸಲಾಮು. ಹೊಟ್ಟೆನೋವು ಕಡಿಮೆಯಾಯಿತೇ? ಹೈದರಾಬಾದಿನ ಬಿಸಿಲಿಗೆ ಆ ಖಾನಾವಳಿಯ ಖಾರದ ಊಟ ಆಗುವುದಿಲ್ಲ, ಎರಡು ದಿನ ಮಜ್ಜಿಗೆ ಅನ್ನ ಉಣ್ಣಿ ಎಂದರೆ ನೀವು ಕೇಳುವವರಲ್ಲ. ಇಲ್ಲಿ ತವರಿನಲ್ಲಿ ಎಲ್ಲರೂ ಆರಾಮ. ಮುನ್ನಿಗೆ ಕತ್ತು ನಿಂತಿದೆ. ಸಿಟ್ಟು ಬಂದರೆ ನಿಮ್ಮಂತೆಯೇ ಹುಬ್ಬು ಗಂಟಿಕ್ಕುತ್ತಾಳೆ. ನೀವು ಅವಳನ್ನು ಕಂಡದ್ದು ಹೆಸರಿಟ್ಟ ದಿನ ಮಾತ್ರ. ಆಗ ಅವಳು ಕಣ್ಣು ಬಿಟ್ಟದ್ದೇ ಅಪರೂಪ. ಆ ದಿನ ನೀವು ಬಿಟ್ಟುಹೋದ ನೀಲಿ ಅಂಗಿಯನ್ನು ಒಗೆದು ಮಡಿಸಿಟ್ಟಿದ್ದೇನೆ. ಸಂಜೆ ರಾಣೆಬೆನ್ನೂರಿನ ಬಸ್ಸು ನಿಂತ ಸದ್ದು ಕೇಳಿದರೆ, ನೀವು ಬರುವುದಿಲ್ಲವೆಂದು ಗೊತ್ತಿದ್ದರೂ, ಬಾಗಿಲಿಗೆ ಹೋಗುತ್ತೇನೆ.

ನೀವು ಜನವರಿಯಲ್ಲಿ ಕೆಲಸದ ಮೇಲೆ ಜೀಪಿನಲ್ಲಿ ಬಂದುಹೋದ ನಂತರ ಇದೇ ನನ್ನ ಮೊದಲ ಕಾಗದ. ಎಷ್ಟೋ ಸಲ ಬರೆಯಲು ಕುಳಿತೆ, ಆಗಲಿಲ್ಲ. ಮದುವೆಯ ಹೊಸದರಲ್ಲಿ ನಿಮ್ಮ ಕೆಲಸ ಏನೆಂದು ಕೇಳಿದ್ದೆ. ಆಕಾಶದಲ್ಲಿ ಸುತ್ತುವ ಉಪಗ್ರಹ ನಮ್ಮ ಕಾಲುವೆಯ ಹೊಲಗಳ ಫೋಟೊ ತೆಗೆಯುತ್ತದೆ, ಅದರಲ್ಲಿ ಹಸಿರು ಬೆಳೆ ಕೆಂಪಾಗಿ ಬರುತ್ತದೆ, ಆ ಕೆಂಪಿಗೆ ಬಿಸಿಲು ಗಾಳಿಯ ಲೆಕ್ಕ ಸೇರಿಸಿ ಯಾವ ಬೆಳೆ ಎಷ್ಟು ನೀರು ಕುಡಿಯಿತೆಂದು ಅಂದಾಜು ಮಾಡುತ್ತೇವೆ ಎಂದಿದ್ದಿರಿ. ಹಸಿರನ್ನೇ ಕೆಂಪು ತೋರಿಸುವ ಫೋಟೊವನ್ನು ಯಾರು ನಂಬುತ್ತಾರೆ ಎಂದು ನಾನು ನಕ್ಕಿದ್ದೆ. ಅದು ನನ್ನ ತವರಿನ ಗದ್ದೆಯ ಮೇಲೂ ಹಾದುಹೋಗುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ಆ ದಿನ ಕಾಲುವೆಯ ಗೇಟಿನ ಬಳಿ ಜನ ಸೇರಿದ್ದನ್ನು ನಾನು ಹಿತ್ತಿಲಿನಿಂದ ನೋಡುತ್ತಿದ್ದೆ. ಕಾಲುವೆಯ ಕೊನೆಯ ಹೊಲದವರು ತಮಗೆ ನೀರೇ ಮುಟ್ಟುವುದಿಲ್ಲವೆಂದು ಕೂಗಾಡುತ್ತಿದ್ದರು. ಈ ಕಾಲುವೆಗೆ ಬೇಸಿಗೆಯಲ್ಲಿ ಭತ್ತ ಹಚ್ಚಬಾರದು ಎಂಬ ನಿಯಮ ಇದ್ದದ್ದೇ. ನಿಮ್ಮ ಜೊತೆ ಬಂದಿದ್ದ ಕಾಲುವೆಯ ಎಂಜಿನಿಯರ ಸಾಹೇಬರು ಕೇಳಿದಾಗ ನನ್ನ ಅಬ್ಬಾ ಪ್ರತಿವರ್ಷ ಹೇಳುವುದನ್ನೇ ಹೇಳಿದರು: “ಮನೀಗಾಗುವಷ್ಟು ಚೂರು ಭತ್ತ ಹಚ್ಚೇನ್ರಿ ಸಾಹೇಬ್ರ. ದಿಬ್ಬದ ಆಚೆ ಎಲ್ಲಾ ಜೋಳ ಐತಿ.” ನೀವು ಫೋಟೊ ಬಿಚ್ಚಿ ಬೆರಳಿಟ್ಟಿರಿ. “ದಿಬ್ಬದ ಆಚೆನೂ ಭತ್ತನ ಐತ್ರಿ.” “ಖಾತ್ರಿ ಏನ್ರಿ ದಾದಾಪೀರ?” ಎಂದು ಸಾಹೇಬರು ಕೇಳಿದರು. “ಖಾತ್ರಿ ಐತ್ರಿ. ಮುಂಜಾನೆ ನಾನ ನಡಕೊಂಡು ಹೋಗಿ ನೋಡಿ ಬಂದೇನಿ. ಇವರು ನಮ್ಮ ಮಾವ ಅದಾರ್ರಿ.”

ಗುಂಪಿನಲ್ಲಿ ಯಾರೋ ನಕ್ಕರು. ಅಬ್ಬಾ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನೀವು ಅಂಗಳದವರೆಗೆ ಬಂದಿರಿ. ಒಳಗಿನಿಂದ ಅಬ್ಬಾ, “ಸಾಹೇಬ್ರಿಗೆ ನೀರು ಕೊಟ್ಟು ಕಳಸು” ಎಂದರು. ಮನೆಯ ಅಳಿಯನಿಗೆ ಸಾಹೇಬ ಎಂದರು! ನಾನು ತಂಬಿಗೆ ತಂದುಕೊಟ್ಟೆ. ನೀವು ನೀರು ಕುಡಿದು, ನನ್ನ ಹೆಗಲ ಮೇಲಿಂದ ಒಳಗಿನ ತೊಟ್ಟಿಲ ಕಡೆ ನೋಡಿದಿರಿ. ಅಷ್ಟರಲ್ಲಿ ಜೀಪಿನವನು ಹಾರ್ನ್ ಹೊಡೆದ.

ನನಗೂ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಮನೆಗೆ ಬಂದು ಮೊದಲು ಅಬ್ಬಾಗೆ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಅತ್ತುಬಿಟ್ಟೆ. ಆಮೇಲೆ ಗೇಟು ಇಳಿಸಿದರು, ನೀರಿಗೆ ಪಾಳಿ ಹಚ್ಚಿದರು. ದಿಬ್ಬದಾಚೆಯ ಭತ್ತ ಒಣಗಿತು. ಅಬ್ಬಾ ಅದನ್ನು ದನಕ್ಕೆ ಕೊಯ್ದು ಹಾಕಿದರು. ನನ್ನನ್ನು ಹೈದರಾಬಾದಿಗೆ ಕಳಿಸುವ ಮಾತನ್ನು ಅಮ್ಮಾ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ನಿಮ್ಮ ಹೆಸರು ಈ ಮನೆಯಲ್ಲಿ ಯಾರೂ ಆಡುವಂತಿರಲಿಲ್ಲ. ನಾನು ಮಾತ್ರ ಮುನ್ನಿಯ ಕಿವಿಯಲ್ಲಿ ಆಡುತ್ತಿದ್ದೆ.

ಹೋದ ವಾರ ಉಚ್ಚಂಗೆವ್ವ ಕೂಸು ನೋಡಲು ಬಂದಳು. ಕಾಲುವೆಯ ಕೊನೆಗೆ ಆಕೆಯ ಹೊಲ. ನೀರಿಲ್ಲದೆ ಪಾಳು ಬಿಟ್ಟು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಬ್ಯಾಡಗಿಗೆ ಹೋಗುತ್ತಿದ್ದಳು. ಈ ಸಲ ಸೆರಗಿನ ತುಂಬ ಎಳೆ ಸವತೆಕಾಯಿ ತಂದಿದ್ದಳು. “ಶಮಶೇರಪ್ಪಾ, ನನ್ನ ಹೊಲಕ್ಕ ನೀರು ಬಂತ ನೋಡು. ಯಾವ ಪುಣ್ಯಾತ್ಮ ಕೊಡಿಸ್ಯಾನೋ, ಅವನ ಹೊಟ್ಟಿ ತಣ್ಣಗಿರಲಿ” ಎಂದು ಅಬ್ಬಾಗೆ ಹೇಳಿದಳು. ಆಕೆಗೆ ನಡೆದದ್ದು ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಅಂದಳೋ ತಿಳಿಯಲಿಲ್ಲ. ಅಬ್ಬಾ ಒಂದು ಸವತೆಕಾಯಿ ಕೈಗೆತ್ತಿಕೊಂಡು ಅಂಗಿಯ ಅಂಚಿಗೆ ಒರೆಸಿದರು. ಆಮೇಲೆ, “ನಮ್ಮ ಅಳಿಯಾ ಕೊಡಿಸ್ಯಾನ, ಯಕ್ಕಾ” ಎಂದರು.

ಮರುದಿನವೇ ದಿಬ್ಬದಾಚೆ ಹರಗಿಸಿ ಹೆಸರುಕಾಳು ಬಿತ್ತಿದರು. ಈಗ ಎರಡೆಲೆ ಬಂದಿದೆ. ನಿನ್ನೆ ಮುನ್ನಿಯನ್ನು ಎತ್ತಿಕೊಂಡು ಬದುವಿನ ಮೇಲೆ ನಿಂತವರು, “ಇಷ್ಟ ಸಣ್ಣ ಹೆಸರು ಅವನ ಫೋಟೊದಾಗ ಕಾಣ್ತೈತೇನು? ಬರದು ಕೇಳು” ಎಂದರು. ತಾವು ಈ ಸಲ ಸುಳ್ಳು ಹೇಳುತ್ತಿಲ್ಲ ಎಂದು ನಿಮಗೆ ತಿಳಿಯಲಿ ಎಂಬ ಆಸೆ ಅವರದು. ಮರೆಯದೆ ಉತ್ತರ ಬರೆಯಿರಿ. ಈಗ ಕಾಣದಿದ್ದರೆ ಯಾವಾಗ ಕಾಣುತ್ತದೆಂದು ಬರೆಯಿರಿ.

ಅಮ್ಮಾ ನಿಮಗೆ ದುವಾ ಹೇಳಿದ್ದಾರೆ. ಬಿಸಿಲಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಓಡಾಡಿ. ಖುದಾ ನಿಮ್ಮನ್ನು ಕಾಯಲಿ.

ನಿಮ್ಮ,
ಜೈತೂನಬಿ

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಈ ಸಲ ಕೆಲಸದ ಮೇಲೆ ಬರಬೇಡಿ, ರಜೆ ಹಾಕಿ ಬನ್ನಿ. ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಲಿ ಎಂದು ಅಬ್ಬಾ ತಾವಾಗಿಯೇ ಹೇಳಿದರು. ಬಾಡಿಗೆ ಕೋಣೆ ಸಣ್ಣದು ಎಂದು ಮತ್ತೆ ಬರೆಯಬೇಡಿ. ಮುನ್ನಿ ಎಷ್ಟು ಜಾಗ ಹಿಡಿದಾಳು? ನನಗಂತೂ ನಿಮ್ಮ ಪಕ್ಕದಲ್ಲಿ ಒಂದು ಚಾಪೆ ಸಾಕು.