ಹೆಸರುಗಳ ಒಂಬತ್ತು ಅಧ್ಯಾಯ

ಸೋಮವಾರ, ಸೆಪ್ಟೆಂಬರ್ ೯
ಸಂಜೆ ಐದು ಗಂಟೆ, ಅಡುಗೆಮನೆಯ ಮೇಜು

ನನ್ನ ಪ್ರೀತಿಯ ತಕರಾರಮ್ಮನಿಗೆ,

ಕರ್ತನ ಸಮಾಧಾನ ನಿನ್ನ ಜೊತೆಗಿರಲಿ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಅಮ್ಮ ಚೆನ್ನಾಗಿದ್ದಾಳೆ. ಒಗೆದ ಬಟ್ಟೆ ಮಡಚುತ್ತಾ ಈಗ ತಾನೇ ಇಲ್ಲಿ ಇಣುಕಿ, "ಏನ್ರೀ, ಎರಡನೇ ಹಾಳೆ ಬೇರೆ ತೆಗೆದಿಟ್ಕೊಂಡಿದ್ದೀರಾ?" ಎಂದು ಕೇಳಿ ಹೋದಳು. ಅವಳು ಆಶ್ಚರ್ಯಪಡುವುದರಲ್ಲಿ ತಪ್ಪೇನಿಲ್ಲ. ಆರು ವರ್ಷದಿಂದ ಅವಳ ಪತ್ರಗಳ ಕೊನೆಯಲ್ಲಿ 'ಕ್ಷೇಮ. ಅಪ್ಪ' ಎಂದು ಎರಡೇ ಪದ ಗೀಚಿ ಕೈತೊಳೆದುಕೊಂಡವನು ನಾನು. ತಡವಾಯಿತು, ಕ್ಷಮಿಸು ಎಂದರೆ ನೀನು ನಗುತ್ತೀಯ. ನಗು, ಆದರೆ ಪೂರ್ತಿ ಓದು. ಓದದೆ ಪುಟ ಮಗುಚುವ ಚಾಳಿ ನಮ್ಮ ಮನೆಯಲ್ಲಿ ಯಾರಿಗಿದೆ ಎಂಬುದು ಈ ಪತ್ರದಲ್ಲೇ ಗೊತ್ತಾಗುತ್ತದೆ.

ಮೊದಲು ದೊಡ್ಡ ಸುದ್ದಿ. ನಿನ್ನಪ್ಪ ಫೇಲು! ಐವತ್ತೆಂಟನೇ ವಯಸ್ಸಿನಲ್ಲಿ! ಕೈಗೆ ಬರಬೇಕಿದ್ದ ಪ್ರಮಾಣಪತ್ರವನ್ನು ತಡೆಹಿಡಿದಿದ್ದಾರೆ, ನಾನು ನಿನ್ನೆಯಿಂದ ಮನೆತುಂಬ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದೇನೆ. ಜ್ವರ ಬಂದಿರಬೇಕೆಂದು ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

ನಾನು ಎರಡು ವರ್ಷದಿಂದ ಅಂಚೆಯ ಮೂಲಕ ಉಪದೇಶಕರ ತರಬೇತಿ ತೆಗೆದುಕೊಳ್ಳುತ್ತಿರುವುದನ್ನು ಅಮ್ಮ ನಿನಗೆ ಬರೆದಿರುತ್ತಾಳೆ. ಸಭೆಯ ಮುಂದೆ ನಿಂತು ಪ್ರಸಂಗ ಮಾಡಬೇಕೆಂಬುದು ನೀನು ಹುಟ್ಟುವುದಕ್ಕೂ ಮೊದಲಿನ ಆಸೆ. ಲಿಫ್ಟು ರಿಪೇರಿ ಮಾಡುವವನಿಗೆ ಇದೆಲ್ಲ ಯಾಕೆ ಎಂದು ಕೇಳಿದವರಿದ್ದಾರೆ. ದಿನವಿಡೀ ಜನರನ್ನು ಮೇಲಕ್ಕೆ ಕಳಿಸುವವನು ನಾನೇ ತಾನೇ ಎಂದು ಅವರ ಬಾಯಿ ಮುಚ್ಚಿಸಿದ್ದೇನೆ. ಎಂಟು ಪರೀಕ್ಷೆ. ಪ್ರಶ್ನೆಪತ್ರಿಕೆ ಮನೆಗೇ ಬರುತ್ತದೆ. ಪುಸ್ತಕ ಮುಚ್ಚಿಟ್ಟು, ಗಡಿಯಾರ ನೋಡಿಕೊಂಡು, ನಮಗೆ ನಾವೇ ಕಾವಲು ಕೂತು ಬರೆಯಬೇಕು. ನಾನು ಪುಸ್ತಕವನ್ನು ಫ್ರಿಜ್ಜಿನ ಮೇಲೆ ಹತ್ತಿಸಿ, ಸ್ಟೂಲನ್ನು ಪಕ್ಕದ ಮನೆಗೆ ಕೊಟ್ಟು ಬಂದು ಬರೆದೆ. ಒಂದು ಸಲವೂ ಪುಸ್ತಕ ಮುಟ್ಟಲಿಲ್ಲ. ಆ ಬಗ್ಗೆ ನನಗೆ ಎಷ್ಟು ಜಂಬವಿತ್ತೆಂದು ಹೇಳಿದರೆ ನಿನಗೆ ನಾಚಿಕೆಯಾಗುತ್ತದೆ.

ಎಡವಿದ್ದು ಕೊನೆಯ ಕಾಗದದಲ್ಲಿ. ಅದು ಪರೀಕ್ಷೆಯೂ ಅಲ್ಲ, ಒಂದು ಘೋಷಣೆ ಅಷ್ಟೆ. ತರಬೇತಿಯ ಅವಧಿಯಲ್ಲಿ ಸತ್ಯವೇದವನ್ನು ಮೊದಲಿನಿಂದ ಕೊನೆಯವರೆಗೆ ಏನೂ ಬಿಡದೆ ಓದಿದ್ದೇನೆ ಎಂದು ಬರೆದಿತ್ತು, ಕೆಳಗೆ ಗೆರೆ. ನಾನು ಠೀವಿಯಿಂದ ಸಹಿ ಹಾಕಿದೆ. ಹಳೆಯ ಒಡಂಬಡಿಕೆಯಲ್ಲಿ ಬರೀ ಹೆಸರುಗಳೇ ತುಂಬಿದ ಒಂಬತ್ತು ಅಧ್ಯಾಯಗಳಿವೆಯಲ್ಲ, ಇಂಥವನ ಮಗ ಇಂಥವನು, ಅವನ ಮಗ ಮತ್ತೊಬ್ಬನು ಎಂದು? ಮೊದಲ ಪುಟಕ್ಕೇ ನನಗೆ ಆಕಳಿಕೆ ಬಂದಿತ್ತು. ಟೆಲಿಫೋನ್ ಡೈರೆಕ್ಟರಿಯನ್ನು ಯಾರಾದರೂ ಕೂತು ಓದುತ್ತಾರೆಯೇ ಎಂದುಕೊಂಡು ಒಂಬತ್ತನ್ನೂ ಒಂದೇ ಏಟಿಗೆ ಮಗುಚಿ, ಯುದ್ಧ ಶುರುವಾಗುವ ಜಾಗಕ್ಕೆ ಜಿಗಿದಿದ್ದೆ. ಸಹಿ ಹಾಕುವಾಗ ಅದು ನೆನಪಿಗೂ ಬರಲಿಲ್ಲ. ಬರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಬಂತು, ನಾನೇ ಬದಿಗೆ ಸರಿಸಿದೆ.

ಉಪದೇಶಕರನ್ನು ನೇಮಿಸುವ ಆರಾಧನೆ ನಿನ್ನೆ ಭಾನುವಾರಕ್ಕೆ ಗೊತ್ತಾಗಿತ್ತು. ನಮ್ಮ ಸಭೆಯಿಂದ ಮೂವರು. ಅಮ್ಮ ನನ್ನ ಕೋಟನ್ನು ಎರಡು ಸಲ ಇಸ್ತ್ರಿ ಮಾಡಿಸಿದ್ದಳು. ಅವತ್ತು ಮಾಡಬೇಕಾದ ಮೊದಲ ಪ್ರಸಂಗಕ್ಕೆ ನಾನು ಆರಿಸಿಕೊಂಡ ವಿಷಯ ಯಾವುದು ಗೊತ್ತೇ? ಚಿಕ್ಕ ಕೆಲಸದಲ್ಲಿ ನಂಬಿಗಸ್ತರಾಗಿರುವುದು! ದೇವರಿಗೂ ತಮಾಷೆ ಗೊತ್ತು ಕಣಮ್ಮ.

ಎರಡು ವಾರದ ಹಿಂದೆ, ಮಂಗಳವಾರ ಬೆಳಿಗ್ಗೆ, ಮಾರುಕಟ್ಟೆಯ ಹಿಂದಿನ ಐದು ಮಹಡಿಯ ಕಟ್ಟಡದಲ್ಲಿ ತಿಂಗಳ ತಪಾಸಣೆಗೆ ಹೋಗಿದ್ದೆ. ನೆಲಮಹಡಿಯಲ್ಲಿ ಲಿಫ್ಟನ್ನು ನಿಲ್ಲಿಸಿ, ಬಾಗಿಲಿಗೆ 'ಕೆಲಸ ನಡೆಯುತ್ತಿದೆ' ಫಲಕ ತೂಗುಹಾಕಿ, ಅದರ ನೆತ್ತಿಯ ಮೇಲೆ ಕೂತು ಹಳಿಗೆ ಎಣ್ಣೆ ಬಿಡುತ್ತ ಪ್ರಸಂಗದ ಅಭ್ಯಾಸ ಮಾಡುತ್ತಿದ್ದೆ. ಲಿಫ್ಟು ಏರಿಳಿಯುವ ಆ ಗೂಡಿನಲ್ಲಿ ದನಿ ಎಷ್ಟು ಚೆನ್ನಾಗಿ ಮೊಳಗುತ್ತದೆ ಅಂತೀಯ! ಫಲಕವನ್ನು ಲೆಕ್ಕಕ್ಕೇ ಇಡದೆ ಮೂರನೇ ಮಹಡಿಯ ನಿವೃತ್ತ ಹೆಡ್‌ಮಿಸ್ಸು ತರಕಾರಿ ಚೀಲ ಹಿಡಿದು ಒಳಗೆ ಬಂದು ನಿಂತಿದ್ದಾರೆ. ನಾನು ಮೇಲಿನಿಂದ, "ಯಾರೂ ನೋಡದ ಜಾಗದಲ್ಲಿ ನೀನು ಯಾರು?" ಎಂದು ಗುಡುಗಿದೆ.

ಕೆಳಗಿನಿಂದ ನಡುಗುವ ದನಿ ಬಂತು. "ಮೂರನೇ ಮಹಡಿಯವಳು! ಯಾರಪ್ಪಾ ಅದು?"

"ಮೆಕ್ಯಾನಿಕ್ ಅಮ್ಮಾ! ನಮ್ಮ ಸಭೇಲಿ ಮಾಡೋ ಪ್ರಸಂಗ ಅಭ್ಯಾಸ ಮಾಡ್ತಿದ್ದೆ!"

"ಥೂ ನಿನ್ನ! ನನ್ನ ಕರ್ಕೊಂಡು ಹೋಗೋಕೆ ಬಂದ್ರು ಅಂದ್ಕೊಂಡೆ." ಆಮೇಲೆ ಅವರಲ್ಲಿದ್ದ ಹೆಡ್‌ಮಿಸ್ಸು ಎಚ್ಚೆತ್ತುಕೊಂಡರು. "ಇಲ್ಲಿ ತಪಾಸಣೆ ಕಾರ್ಡಲ್ಲಿ ಈ ತಿಂಗಳ ಸಹಿ ಇಲ್ವಲ್ಲ?"

"ಕೆಲಸ ಮುಗಿದ ಮೇಲೆ ಹಾಕ್ತೀನಮ್ಮಾ. ಮುಗಿಯೋಕೆ ಮುಂಚೆ ನಾನು ಎಲ್ಲೂ ಸಹಿ ಹಾಕೋನಲ್ಲ."

ಎದೆಯುಬ್ಬಿಸಿ ಹೇಳಿದೆ. ಈ ಅಭ್ಯಾಸ ನನಗೆ ಯಾರಿಂದ ಬಂತೆಂದು ನಿನಗೆ ಗೊತ್ತು, ಅದು ಆಮೇಲೆ. ಮಾತು ಬಾಯಿಂದ ಹೊರಬಿದ್ದ ಗಳಿಗೆಯಲ್ಲೇ ಆ ಒಂಬತ್ತು ಅಧ್ಯಾಯ ಕಣ್ಣಮುಂದೆ ಬಂದು ನಿಂತವು. ಎಣ್ಣೆಯ ಡಬ್ಬಿ ಕೈಯಲ್ಲೇ ಉಳಿಯಿತು. "ಯಾಕಪ್ಪಾ ಸುಮ್ಮನಾದೆ? ಪ್ರಸಂಗ ಮುಗೀತಾ?" ಎಂದು ಅವರು ಕೇಳುತ್ತಿದ್ದರು. ಮುಗಿದಿತ್ತು ಕಣೆ, ನಿಜವಾಗಿಯೂ ಮುಗಿದಿತ್ತು.

ಆ ಸಂಜೆಯೇ ಸಭಾಪಾಲಕರ ಕೋಣೆಗೆ ಹೋದೆ. ನಿನಗೆ ಇವರ ಪರಿಚಯವಿಲ್ಲ, ನೀನು ಹೋದಮೇಲೆ ಬಂದವರು, ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಅಣ್ಣಾ, ಆ ಹೆಸರುಗಳನ್ನ ಯಾರು ಓದ್ತಾರೆ ಹೇಳಿ? ಇವತ್ತು ಮನೆಗೆ ಹೋಗಿ ಓದಿಬಿಡಿ. ಸಹಿ ನಿಜ ಆಗುತ್ತೆ."

ಎಷ್ಟು ಸುಲಭದ ದಾರಿ! ನಾನು ಎದ್ದೇಬಿಟ್ಟಿದ್ದೆ. ಬಾಗಿಲವರೆಗೆ ಹೋಗಿ ವಾಪಸು ಬಂದು ಕೂತೆ. "ಸಹಿ ಹಾಕಿದ ದಿನ ಅದು ಸುಳ್ಳಾಗಿತ್ತಲ್ಲ, ಅಯ್ಯನವರೇ. ಆ ದಿನವನ್ನ ಏನು ಮಾಡೋಣ?" ಎಂದೆ. ಅವರ ನಗು ನಿಂತಿತು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿ, ತರಬೇತಿಯ ಕಚೇರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅಲ್ಲಿನ ಪರೀಕ್ಷಕಿ ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ನಿಮ್ಮ ಘೋಷಣೆ ವಾಪಸ್ ಕಳಿಸ್ತೀನಿ. ಓದಿ, ಹೊಸದಾಗಿ ಸಹಿ ಹಾಕಿ ಕಳಿಸಿ. ಆದ್ರೆ ಈ ವರ್ಷದ ಪಟ್ಟಿಯಿಂದ ನಿಮ್ಮ ಹೆಸರು ತೆಗೀಲೇಬೇಕು. ನೇಮಕ ಮುಂದಿನ ವರ್ಷಾನೇ." ನಿಯಮ ಅಂದರೆ ನಿಯಮ. ಫೋನಿಡುವ ಮುಂಚೆ, "ಹೇಳಿದ್ದಕ್ಕೆ ವಂದನೆ" ಎಂದರು, ಅದೂ ನಿಯಮದ ಹಾಗೆಯೇ.

ಮನೆಗೆ ಬರುವಾಗ ಮೈ ಹಗುರವಾಗಿ, ಬಸ್ಸು ಬಿಟ್ಟು ನಡೆದೇ ಬಂದೆ. ಅಮ್ಮನಿಗೆ ಹೇಳಲು ಮಾತ್ರ ಭಯ. ಇಸ್ತ್ರಿಯ ಕೋಟು ಬಾಗಿಲ ಹಿಂದೆಯೇ ತೂಗುತ್ತಿತ್ತು. ಅವಳು ಕೇಳಿಸಿಕೊಂಡು ಕೋಟನ್ನು ಕಪಾಟಿನೊಳಗಿಟ್ಟು, "ಗಟ್ಟಿಯಾಗಿ ಓದಿ. ನಾನೂ ಕೇಳಿಲ್ಲ" ಎಂದಳು.

ಅಲ್ಲಿಂದ ಶುರುವಾಯಿತು ನೋಡು ಮಜಾ! ಮನೆಯಲ್ಲಿ ಗಟ್ಟಿಯಾಗಿ ಓದುವ ವಿಷಯ ಸಭಾಪಾಲಕರಿಗೆ ಗೊತ್ತಾಗಿ, "ಮನೇಲಿ ಯಾಕೆ, ಸಭಾಕೋಣೇಲಿ ಓದಿ, ನಾನೂ ಓದ್ಬೇಕು" ಎಂದರು. ಕಳೆದ ಬುಧವಾರ ಸಂಜೆ ಆರು ಜನ ಇದ್ದರು, ಶನಿವಾರಕ್ಕೆ ಮೂವತ್ತು! ಒಂದೊಂದು ಹೆಸರೂ ನಾಲಿಗೆಗೆ ಗಂಟು ಹಾಕುವಂಥದ್ದು. ಉದ್ದದ ಹೆಸರೊಂದನ್ನು ಉಸಿರು ಕಟ್ಟದೆ ದಾಟಿದರೆ ಹಿಂದಿನ ಬೆಂಚಿನ ದರ್ಜಿ ಚಪ್ಪಾಳೆ ತಟ್ಟುತ್ತಿದ್ದ. ನಾನು ಎಷ್ಟು ಸಲ ಎಡವಿದೆನೆಂದು ಅಮ್ಮ ಬೆರಳು ಮಡಚಿ ಲೆಕ್ಕ ಇಟ್ಟುಕೊಳ್ಳುತ್ತಿದ್ದಳು. ಆ ಪಟ್ಟಿಯಲ್ಲಿ ಕುಂಬಾರರಿದ್ದಾರೆ, ನೇಯುವವರಿದ್ದಾರೆ, ಬಾಗಿಲು ಕಾಯುವವರಿದ್ದಾರೆ. ದೇವರು ಬಾಗಿಲು ಕಾಯುವವರ ಹೆಸರನ್ನೂ ಬರೆಸಿಟ್ಟಿದ್ದಾನೆ, ಲಿಫ್ಟಿನವನಿಗೆ ಇದಕ್ಕಿಂತ ಏನು ಬೇಕು?

ಶುಕ್ರವಾರ ಏಳನೇ ಅಧ್ಯಾಯ. ಒಬ್ಬ ತಂದೆ, ಮಕ್ಕಳನ್ನು ಕಳೆದುಕೊಂಡು ಬಹಳ ದಿನ ದುಃಖಪಡುತ್ತಾನೆ. ಆಮೇಲೆ ಗಂಡುಮಕ್ಕಳ ಹೆಸರುಗಳ ನಡುವೆ, ಅವನಿಗೊಬ್ಬ ಮಗಳಿದ್ದಳು, ಅವಳು ಊರುಗಳನ್ನು ಕಟ್ಟಿಸಿದಳು ಎಂದು ಬರುತ್ತದೆ. ಅಷ್ಟೇ, ಒಂದೇ ಸಾಲು. ಒಬ್ಬಳು ಮಗಳು, ಮೂರು ಊರು! ನಾನು ಆ ಸಾಲಿನ ಮೇಲೇ ಬೆರಳಿಟ್ಟು ನಿಂತೆ. ಓದದೆ ಬಿಟ್ಟಿದ್ದರೆ ಅವಳು ಇದ್ದಳೆಂದೇ ನನಗೆ ಗೊತ್ತಾಗುತ್ತಿರಲಿಲ್ಲ. ನೀನು ಕಟ್ಟಡದ ಕೆಲಸದಲ್ಲಿ ಮೇಲ್ವಿಚಾರಕಿಯಾಗಿ, ಗೋಡೆ ನೆಟ್ಟಗಿಲ್ಲವೆಂದು ಗುತ್ತಿಗೆದಾರನ ಎದುರೇ ಕೆಡವಿಸಿದೆಯಂತೆ. ಅಮ್ಮ ಹೇಳಿದಾಗ ನಾನು ಕೇಳಿಸದವನ ಹಾಗೆ ಪೇಪರ್ ಓದುತ್ತಿದ್ದೆ. ಕೇಳಿಸಿತ್ತು ಕಣಮ್ಮ. ಮುಂದಿನ ಬೆಂಚಿನಿಂದ ಅಮ್ಮ ಮೆಲ್ಲಗೆ, "ಓದ್ರಿ, ಇನ್ನೂ ಇದೆ" ಎಂದಳು. ಓದಿದೆ. ಶನಿವಾರ ಒಂಬತ್ತೂ ಮುಗಿಸಿ, ಎಲ್ಲರೆದುರು ಹೊಸ ಘೋಷಣೆಗೆ ಸಹಿ ಹಾಕಿದೆ.

ನಿನ್ನೆ ಉಳಿದ ಇಬ್ಬರ ನೇಮಕವಾಯಿತು. ಮೂರನೇ ಕುರ್ಚಿ ಯಾಕೆ ಖಾಲಿ ಎಂದು ನಾನೇ ಎದ್ದು ಐದು ನಿಮಿಷದಲ್ಲಿ ಹೇಳಿದೆ. ಪ್ರಸಂಗ ಮಾಡಲು ಮೂವತ್ತು ವರ್ಷ ಕಾದವನ ಮೊದಲ ಮಾತು ಅದು! ಕೊನೆಯ ಸಾಲಿನಲ್ಲಿ ಯಾರು ಕೂತಿದ್ದರು ಹೇಳು? ಹೆಡ್‌ಮಿಸ್ಸು! "ಕಾರ್ಡಿಗೆ ಸಹಿ ಬಿತ್ತಾ?" ಎಂದು ಕೇಳಿ ಕೈಕುಲುಕಿ ಹೋದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಟ್ಟಡದ ಮೇಲೆ ಹತ್ತುವಾಗ ಕೆಳಗೆ ನೋಡಬೇಡ. ನಿನ್ನ ಕೈ ಮುಟ್ಟಿದ ಗೋಡೆಗಳೆಲ್ಲ ನೆಟ್ಟಗೆ ನಿಲ್ಲಲಿ, ನಿನ್ನನ್ನು ಕಾಯುವವನು ಕಣ್ಣು ಮುಚ್ಚದಿರಲಿ.

ಇಂತಿ,
ಪಟ್ಟಿಯಿಂದ ಹೆಸರು ತೆಗೆಸಿಕೊಂಡ ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇದನ್ನು ಬರೆಯಲೆಂದೇ ಇಷ್ಟೂ ಬರೆದೆ. ಆರು ವರ್ಷದ ಹಿಂದೆ ಆಸ್ಪತ್ರೆಯ ಕಟ್ಟಡದಲ್ಲಿ, ನಾನು ಮರೆತ ಕನ್ನಡಕ ಕೊಡಲು ನೀನು ಬಂದಾಗ, ನಮ್ಮ ಕಂಪನಿಯ ಮೇಲ್ವಿಚಾರಕ ನಿನ್ನನ್ನು ಕೇಳಿದ: "ನಿಮ್ಮಪ್ಪ ಮೇಲಿನ ಮೋಟಾರು ಕೋಣೆಗೆ ಹೋಗಿ ನೋಡಿದ್ರಾ?" ನೀನು, "ಇಲ್ಲ ಸರ್, ಇಲ್ಲೇ ನಿಂತು ಸಹಿ ಹಾಕಿದ್ರು" ಎಂದೆ. ಕಂಪನಿ ನನ್ನನ್ನು ಒಂದು ವರ್ಷ ಉಗ್ರಾಣದಲ್ಲಿ ಕೂರಿಸಿತು. ಬೇರೊಬ್ಬನು ಹೋಗಿ ನೋಡಿದಾಗ ಮೇಲೆ ಬ್ರೇಕು ಸವೆದು ತಗಡಿನಷ್ಟು ತೆಳುವಾಗಿತ್ತು. ರೋಗಿಗಳನ್ನು ಮಲಗಿಸಿಕೊಂಡು ಹೋಗುವ ಲಿಫ್ಟು ಅದು. ಇದನ್ನು ನಾನು ನಿನಗೆ ಇವತ್ತಿನವರೆಗೆ ಹೇಳಿಲ್ಲ. ನೀನು ಹೇಳಿದ್ದು ಸರಿ. ಅವತ್ತು ಮನೆಗೆ ಬಂದು, ಸತ್ಯವೇದದ ಮೊದಲ ಪುಟದಲ್ಲಿ ನಮ್ಮ ಹೆಸರುಗಳಿರುವ ಕಡೆ, ನಿನ್ನ ಹೆಸರಿನ ಮೇಲೆ ನಾನು ಗೆರೆ ಎಳೆದೆ. ನೀನು ಬಾಗಿಲಲ್ಲಿ ನಿಂತು ನೋಡಿದೆ. ಮರುದಿನ ಹೊರಟುಹೋದೆ.

ಶನಿವಾರ ಸಭೆಯಿಂದ ಬಂದು ಬ್ಲೇಡಿನಿಂದ ಆ ಗೆರೆಯನ್ನು ಕೆರೆದೆ. ಹೋಗಲಿಲ್ಲ, ಕಾಗದ ಹರಿಯುವುದರಲ್ಲಿತ್ತು. ಅದಕ್ಕೇ ಪಕ್ಕದಲ್ಲಿ ನಿನ್ನ ಹೆಸರನ್ನು ಮತ್ತೆ ಬರೆದಿದ್ದೇನೆ, ನನ್ನ ಅತ್ಯಂತ ಒಳ್ಳೆಯ ಅಕ್ಷರದಲ್ಲಿ. ಕೆಳಗೆ ಸಹಿ ಹಾಕಿಲ್ಲ. ನೀನು ಬಂದು ನೋಡಿ, ಸರಿಯಾಗಿದೆ ಎಂದರೆ ಹಾಕುತ್ತೇನೆ.